ಮುಮ್ಮುವಿನ ಲೋಟದ ಪಕ್ಕ

ಎಡಗಡೆ ಒತ್ತಿದರೆ ಬಲಗಡೆ ಏಳುತ್ತಿತ್ತು. ಬಲಗಡೆ ಒತ್ತಿದರೆ ಎಡಗಡೆ ಏಳುತ್ತಿತ್ತು. ಕಾಲು ಸಮನಿಲ್ಲದ ಮೇಜಿನ ಹಾಗೆ.

ಐಲಾ ಬಚ್ಚಲುಮನೆಯ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. ಎರಡೂ ಹೆಬ್ಬೆರಳು ಬಾಯೊಳಗಿದ್ದವು. ಹಲ್ಲು ಸರಿಯದಂತೆ ಹಿಡಿಯುವ ಇದೇ ರಿಟೇನರ್ ನಿನ್ನೆ ಬೆಳಿಗ್ಗೆ ಟಕ್ ಎಂದು ಕೂತಿತ್ತು. ಇವತ್ತು ಏನು ಮಾಡಿದರೂ ಕೂರಲೊಲ್ಲದು.

ಹೊರಗಿನಿಂದ ತಮ್ಮ ಓನ್ನಿ ಬಾಗಿಲು ಬಡಿದ. ಓನ್ನಿಗೆ ಏಳು ವರ್ಷ. ಅವನಿಗೆ ಯಾವಾಗಲೂ ಅರ್ಜೆಂಟು.

"ಕೆಳಗಡೆ ಇನ್ನೊಂದಿದೆಯಲ್ಲ, ಅಲ್ಲಿಗೆ ಹೋಗೋ."

"ಅಲ್ಲಿ ಅಪ್ಪ ಇದಾರೆ. ಪೇಪರ್ ಬೇರೆ ತಗೊಂಡು ಹೋಗಿದಾರೆ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವನದೇ ದನಿ. "ಬಾಯಲ್ಲಿ ಏನು ತುರುಕ್ಕೊಂಡಿದೀಯೇ? ಮಾತು ಮುಮ್ಮು ಥರ ಬರ್ತಿದೆ."

ಮುಮ್ಮು ಎಂದರೆ ಅಪ್ಪನ ಅಮ್ಮ. ಬಾಯಿಂದ ಹಲ್ಲಿನ ಸೆಟ್ಟು ತೆಗೆದಾಗ ಮುಮ್ಮುವಿನ ಮಾತಿನಲ್ಲಿ ಗಾಳಿ ಹೆಚ್ಚು, ಅಕ್ಷರ ಕಡಿಮೆ.

ಐಲಾಗೆ ನಗು ಬರಲಿಲ್ಲ. ಇದೆಲ್ಲ ಶುರುವಾದದ್ದೇ ಆ ಸೆಟ್ಟಿನಿಂದ.

ರಿಟೇನರನ್ನು ತೆಗೆದು ಬೆಳಕಿಗೆ ಹಿಡಿದಳು. ತೆಳ್ಳನೆಯ ಪ್ಲಾಸ್ಟಿಕ್ಕು, ಗಾಜಿನಷ್ಟು ತಿಳಿ. ಅವಳ ಮೇಲಿನ ಹಲ್ಲುಗಳದೇ ಅಚ್ಚು. ಕುದುರೆ ಲಾಳದ ಆಕಾರದಲ್ಲಿದ್ದದ್ದು ಈಗ ಒಂದು ತುದಿಯಲ್ಲಿ ಒಳಕ್ಕೆ ಸೊಟ್ಟಗಾಗಿತ್ತು, ಕೆಂಡದ ಹತ್ತಿರ ಹಿಡಿದ ಹಪ್ಪಳದ ಅಂಚಿನಂತೆ.

ಅದನ್ನು ನೀಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. ಡಬ್ಬಿಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಬಾಗಿಲು ತೆಗೆದಳು.

*

ಅವರ ಮನೆಯಲ್ಲಿ ಶನಿವಾರವೆಂದರೆ ಸೌನಾ, ಹಬೆಯ ಸ್ನಾನ. ಐಲಾ ಹುಟ್ಟುವ ಮೊದಲಿನಿಂದಲೂ ಹಾಗೆಯೇ, ಅಪ್ಪ ಹುಟ್ಟುವ ಮೊದಲಿನಿಂದಲೂ ಹಾಗೆಯೇ. ಕ್ಯಾಲ್ಯುಮೆಟ್ ಊರು ದಾಟಿ ಮೂರು ಮೈಲಿ ಹೋದರೆ ಮುಮ್ಮುವಿನ ಮನೆ. ಮನೆಯ ಹಿಂದೆ ಹಲಗೆಯ ಪುಟ್ಟ ಕಟ್ಟಡ. ಒಳಗೆ ಸೌದೆ ಒಲೆ, ಒಲೆಯ ಮೇಲೆ ಕಲ್ಲುಗಳ ರಾಶಿ, ಎದುರಿಗೆ ಮೆಟ್ಟಿಲಿನಂತೆ ಮೂರು ಹಲಗೆ. ಕಲ್ಲಿನ ಮೇಲೆ ಸೌಟಿನಿಂದ ನೀರು ಹಾಕಿದರೆ ಚುಂಯ್ ಎಂದು ಹಬೆ ಏಳುತ್ತದೆ. ಮೇಲಿನ ಹಲಗೆಯಲ್ಲಿ ಕೂತವರಿಗೆ ಮೊದಲು ಕಿವಿ ಸುಡುತ್ತದೆ.

ಮೊದಲು ಹೆಂಗಸರ ಸರದಿ, ಆಮೇಲೆ ಗಂಡಸರದು. ಕೊನೆಗೆ ಎಲ್ಲರೂ ಅಡುಗೆಮನೆಯಲ್ಲಿ ಸೇರಿ ಏಲಕ್ಕಿ ಬ್ರೆಡ್ಡು ತಿನ್ನುತ್ತಾರೆ.

ಬಟ್ಟೆ ಬಿಚ್ಚಿಡುವ ಹೊರಕೋಣೆಯಲ್ಲಿ ಒಂದು ಕಿಟಕಿ ಇದೆ. ಕಿಟಕಿಯ ಕಟ್ಟೆಯ ಮೇಲೆ ನೀಲಿ ಹೂವಿನ ಎನಾಮಲ್ ಲೋಟ. ಅದರ ತುಂಬ ತಣ್ಣೀರು. ಸೌನಾಕ್ಕೆ ಹೋಗುವ ಮೊದಲು ಮುಮ್ಮು ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ಅದರಲ್ಲಿ ಹಾಕುತ್ತಾರೆ.

ನಿನ್ನೆಯ ಶನಿವಾರ ಅಮ್ಮನಿಗೆ ಡ್ಯೂಟಿ ಇತ್ತು. ಅಮ್ಮ ಕೆಲಸ ಮಾಡುವುದು ವೃದ್ಧಾಶ್ರಮದಲ್ಲಿ. ಅಲ್ಲಿ ಶನಿವಾರ ಭಾನುವಾರ ಎಂದು ಇಲ್ಲ. ಹಾಗಾಗಿ ಹೆಂಗಸರ ಸರದಿಯಲ್ಲಿ ಮುಮ್ಮು ಮತ್ತು ಐಲಾ ಇಬ್ಬರೇ ಇದ್ದರು. ಮುಮ್ಮು ಸೆಟ್ಟನ್ನು ಲೋಟದಲ್ಲಿ ಮುಳುಗಿಸಿ, ನಿನ್ನದನ್ನೂ ಇದರಲ್ಲೇ ಹಾಕು ಎಂದರು. ಐಲಾ ಲೋಟದೊಳಗೆ ನೋಡಿದಳು. ಗುಲಾಬಿ ಬಣ್ಣದ ವಸಡು, ಸಾಲು ಹಲ್ಲು, ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ. ತನ್ನ ಬಾಯಿಗೆ ಹೋಗುವ ವಸ್ತುವನ್ನು ಅದರ ಜೊತೆ ಹಾಕುವುದೇ?

"ಡಬ್ಬಿ ಇದೆ ಮುಮ್ಮು," ಎಂದಳು. ಡಬ್ಬಿ ಕಾರಿನಲ್ಲಿತ್ತು. ಹೊರಗೆ ಮೊಣಕಾಲುದ್ದ ಹಿಮ. ಮುಮ್ಮು ಒಳಗೆ ಹೋದ ಮೇಲೆ ರಿಟೇನರನ್ನು ಟವಲಿನ ತುದಿಯಲ್ಲಿ ಸುತ್ತಿಕೊಂಡು ಅವಳೂ ಒಳಗೆ ಹೋದಳು. ಟವಲನ್ನು ಮೇಲಿನ ಹಲಗೆಯ ಮೂಲೆಗೆ ಸರಿಸಿದಳು.

ಹೊರಗೆ ಬರುವಾಗ ಟವಲನ್ನು ಎಳೆದುಕೊಂಡು ಬಂದಳು. ರಿಟೇನರ್ ಅಲ್ಲೇ ಉಳಿಯಿತು.

ಆಮೇಲೆ ಅಪ್ಪ ಮತ್ತು ಓನ್ನಿಯ ಸರದಿ. ಅಪ್ಪನಿಗೆ ಹಬೆ ಜಾಸ್ತಿ ಬೇಕು. ಐದಾರು ಸೌಟು ನೀರು ಒಟ್ಟಿಗೆ ಸುರಿಯುತ್ತಾರೆ. ಐಲಾ ಅಡುಗೆಮನೆಯಲ್ಲಿ ಎರಡನೇ ತುಂಡು ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಅವಳಿಗೆ ನೆನಪಾಯಿತು.

*

ಐಲಾಳ ಕೋರೆಹಲ್ಲಿನ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಐಲಾಗೆ ಹತ್ತು ವರ್ಷವಾದಾಗ ಎಕ್ಸ್‌ರೇಯಲ್ಲಿ ಅದು ಕಾಣಿಸಿತ್ತು. ಮೇಲಿನ ಎಡಗಡೆಯ ಕೋರೆಹಲ್ಲು ಕೆಳಗೆ ಬರುವುದನ್ನು ಬಿಟ್ಟು ಅಂಗುಳಿನ ಮೂಳೆಯೊಳಗೆ ಅಡ್ಡ ಮಲಗಿತ್ತು. ಹಾಗೇ ಬಿಟ್ಟರೆ ಪಕ್ಕದ ಹಲ್ಲಿನ ಬೇರನ್ನು ತಿಂದುಹಾಕಬಹುದು ಎಂದು ಡಾಕ್ಟರ್ ಮಿಶೋ ಹೇಳಿದ್ದರು.

ಮೊದಲು ಅದರ ಜಾಗದಲ್ಲಿದ್ದ ಹಾಲುಹಲ್ಲನ್ನು ಕಿತ್ತರು. ಆಮೇಲೆ ಅಂಗುಳನ್ನು ಸ್ವಲ್ಪ ಸೀಳಿ, ಮಲಗಿದ್ದ ಹಲ್ಲಿಗೆ ನೂಲಿನಷ್ಟು ಸಣ್ಣ ಚಿನ್ನದ ಸರಪಳಿ ಅಂಟಿಸಿದರು. ಸರಪಳಿಯ ಇನ್ನೊಂದು ತುದಿಯನ್ನು ಉಳಿದ ಹಲ್ಲುಗಳಿಗೆ ಹಾಕಿದ್ದ ಬ್ರೇಸಸ್ಸಿನ ತಂತಿಗೆ ಕಟ್ಟಿದರು. ಅಟ್ಟದ ಮೇಲಿನ ಭಾರದ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಇಳಿಸುವ ಹಾಗೆ, ಹಲ್ಲನ್ನು ಹದಿನಾಲ್ಕು ತಿಂಗಳು ಕೆಳಗೆ ಎಳೆದರು. ಬಂದಾಗ ಅದು ಬೆನ್ನು ತಿರುಗಿಸಿಕೊಂಡು ಬಂತು. ಅದನ್ನು ಎದುರಿಗೆ ತಿರುಗಿಸಲು ಇನ್ನೂ ಒಂದು ವರ್ಷ ಹಿಡಿಯಿತು.

ಆರು ವಾರಕ್ಕೊಮ್ಮೆ ನೂರು ಮೈಲಿ ಹೋಗಿ, ನೂರು ಮೈಲಿ ಬರಬೇಕಿತ್ತು. ಅಪ್ಪನೇ ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಓಡಿಸುವುದು ರಸ್ತೆಯ ಹಿಮ ತಳ್ಳುವ ಗಾಡಿ. ಬೆಳಗಿನ ಜಾವ ಎದ್ದು ಶಾಲೆಯ ಬಸ್ಸು ಬರುವ ಮೊದಲು ರಸ್ತೆ ಬಿಡಿಸಿ, ಅದೇ ಬಟ್ಟೆಯಲ್ಲಿ ಕಾರು ಹತ್ತುತ್ತಿದ್ದರು.

ಐದು ವಾರದ ಹಿಂದೆ ಬ್ರೇಸಸ್ ತೆಗೆದರು. ಕ್ಲಿನಿಕ್ಕಿನಲ್ಲಿ ಗೋಡೆಗೆ ಒಂದು ಹಿತ್ತಾಳೆ ಗಂಟೆ ಇದೆ. ಬ್ರೇಸಸ್ ತೆಗೆಸಿಕೊಂಡವರು ಅದನ್ನು ಬಾರಿಸಬೇಕು. ಬಾರಿಸಿದವರಿಗೆ ಪಾಪ್‌ಕಾರ್ನ್, ಕ್ಯಾರಮೆಲ್, ಚೂಯಿಂಗ್ ಗಮ್ ತುಂಬಿದ ಒಂದು ಚೀಲ ಕೊಡುತ್ತಾರೆ. ಇಷ್ಟು ದಿನ ತಿನ್ನಬಾರದು ಎಂದದ್ದೆಲ್ಲ ಅದರಲ್ಲಿರುತ್ತದೆ. ಐಲಾ ಗಂಟೆಯನ್ನು ನಾಲ್ಕು ಸಲ ಬಾರಿಸಿದ್ದಳು.

ಕೆಳಗಿನ ಹಲ್ಲುಗಳ ಹಿಂದೆ ಕಾಣದ ಹಾಗೆ ಒಂದು ತಂತಿ ಅಂಟಿಸಿ, ಮೇಲಿನವಕ್ಕೆ ರಿಟೇನರ್ ಕೊಟ್ಟು ಡಾಕ್ಟರ್ ಮಿಶೋ ಹೇಳಿದ್ದರು: "ಹಲ್ಲಿಗೂ ತವರು ಅಂತ ಇರತ್ತೆ. ಬಿಟ್ಟರೆ ಅಲ್ಲಿಗೇ ಹೊರಡತ್ತೆ. ಊಟ ತಿಂಡಿ ಬಿಟ್ಟು ಉಳಿದ ಹೊತ್ತೆಲ್ಲ ಇದು ಬಾಯಲ್ಲಿರಬೇಕು."

ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು ಇನ್ನೂ ಚಿಕ್ಕದು. ಇಷ್ಟು ದಿನ ನಾವು ಮಾಡಿದೆವು, ಇನ್ನು ಮುಂದಿನದು ನಿನ್ನದು.

ಮುಂದಿನ ಚೆಕಪ್ಪಿಗೆ ಇನ್ನೂ ಮೂರು ವಾರ ಇತ್ತು. ಮೂರು ವಾರದಲ್ಲಿ ಏನಾದರೂ ಒಂದು ದಾರಿ ಸಿಗುತ್ತದೆ ಎಂದು ಐಲಾ ಅಂದುಕೊಂಡಳು. ಎಂಥ ದಾರಿ ಎಂದು ಅವಳಿಗೂ ಗೊತ್ತಿರಲಿಲ್ಲ.

*

ಭಾನುವಾರ ಮಧ್ಯಾಹ್ನ ಅವಳು ನೀರು ಕಾಯಿಸಿದಳು. ಬಿಸಿಯಿಂದ ಸೊಟ್ಟಗಾದದ್ದು ಬಿಸಿಯಿಂದಲೇ ನೆಟ್ಟಗಾಗಬೇಕಲ್ಲ. ರಿಟೇನರನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಎರಡು ಚಮಚದ ನಡುವೆ ಒತ್ತಿ ಹಿಡಿದಳು. ತೆಗೆದು ನೋಡಿದಾಗ ಸೊಟ್ಟಗಿದ್ದ ತುದಿ ನೆಟ್ಟಗಾಗಿತ್ತು. ನೆಟ್ಟಗಿದ್ದ ತುದಿ ಸೊಟ್ಟಗಾಗಿತ್ತು. ಹಲ್ಲು ಕೂರಬೇಕಾದ ಗುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಪ್ರತಿ ರಾತ್ರಿ ಮಲಗುವ ಮೊದಲು ಅಮ್ಮ ಕೋಣೆಯೊಳಗೆ ತಲೆ ಹಾಕಿ ಒಂದೇ ಮಾತು ಕೇಳುತ್ತಿದ್ದರು: "ಹಾಕ್ಕೊಂಡ್ಯಾ?"

ಐಲಾ ಬಾಯಿ ಬಿಡದೆ ತಲೆ ಆಡಿಸುತ್ತಿದ್ದಳು. ಮಾತಾಡದಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಸೋಮವಾರ ಅನ್ನಿಸಿತು. ಮಂಗಳವಾರ ಅಷ್ಟು ಅನ್ನಿಸಲಿಲ್ಲ.

ಬುಧವಾರ ಶಾಲೆಯಲ್ಲಿ ಊಟದ ಹೊತ್ತಿಗೆ ಗೆಳತಿ ಬ್ರೈಡೀ ತಿನ್ನುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು.

"ಏನೇ ಅದು, ಅವಾಗಿಂದ ಬೆಕ್ಕಿನ ಥರ ಹಲ್ಲು ನೆಕ್ಕೊಳ್ತಾನೇ ಇದೀಯ?"

"ಏನಿಲ್ಲ. ಮಾಂಸ ಸಿಕ್ಕೊಂಡಿದೆ."

ಸುಳ್ಳಲ್ಲ, ಪ್ಯಾಸ್ಟಿ ಎಂಬ ಕಡುಬಿನೊಳಗಿನ ಮಾಂಸದ ಎಳೆ ನಿಜವಾಗಿಯೂ ಸಿಕ್ಕಿಕೊಂಡಿತ್ತು. ಸಿಕ್ಕಿಕೊಂಡದ್ದು ಕೋರೆಹಲ್ಲಿನ ಪಕ್ಕದಲ್ಲಿ. ಹೋದ ವಾರ ಅಲ್ಲಿ ಸಂದು ಇರಲಿಲ್ಲ. ನಾಲಿಗೆಯ ತುದಿ ಅಲ್ಲಿಗೇ ಹೋಗುತ್ತಿತ್ತು, ಬೇಡ ಎಂದರೂ ಹೋಗುತ್ತಿತ್ತು. ಹಲ್ಲಿನ ಒಂದು ಅಂಚು ಮುಂದಕ್ಕೆ ಬಂದಂತೆ ಇತ್ತು. ಒಂದು ಕೂದಲೆಳೆಯಷ್ಟು. ಕನ್ನಡಿಯಲ್ಲಿ ಕಾಣುವುದಿಲ್ಲ, ನಾಲಿಗೆಗೆ ಗೊತ್ತಾಗುತ್ತದೆ.

ಶುಕ್ರವಾರ ಸಂಜೆ ಕೋಣೆಗೆ ಬಂದಾಗ ಓನ್ನಿ ನೆಲದ ಮೇಲೆ ಕೂತಿದ್ದ. ನೀಲಿ ಡಬ್ಬಿ ತೆರೆದಿತ್ತು. ರಿಟೇನರಿನ ಮೇಲೆ ಒಬ್ಬ ಪುಟ್ಟ ಲೆಗೋ ಮನುಷ್ಯ ಕೂತಿದ್ದ.

"ಇದು ದೋಣಿ," ಎಂದ ಓನ್ನಿ. "ಆದ್ರೆ ತೇಲಲ್ಲ. ಸಿಂಕಲ್ಲಿ ನೋಡ್ದೆ."

ಐಲಾ ಅದನ್ನು ಕಿತ್ತುಕೊಂಡಳು. ಓನ್ನಿ ಅಳಲಿಲ್ಲ. ಲೆಗೋ ಮನುಷ್ಯನನ್ನು ಜೇಬಿಗೆ ಹಾಕಿಕೊಂಡು ಅವಳ ಬಾಯಿಯನ್ನು ನೋಡಿದ.

"ನೀನು ಇದನ್ನ ಹಾಕ್ಕೊಳ್ತಾನೇ ಇಲ್ಲ ಅಲ್ವಾ?"

ಅವಳು ಡಬ್ಬಿಯ ಮುಚ್ಚಳ ಒತ್ತಿದಳು. ಯಾರಿಗೂ ಹೇಳಬೇಡ ಎಂದು ಹೇಳಲಿಲ್ಲ. ಹೇಳಿದ್ದರೆ ಓನ್ನಿ ಖಂಡಿತ ಹೇಳುತ್ತಿದ್ದ.

*

ಶನಿವಾರ ತನಗೆ ತಲೆನೋವು, ಸೌನಾಕ್ಕೆ ಬರುವುದಿಲ್ಲ ಎಂದಳು. ಅಪ್ಪ ಅವಳ ಹಣೆ ಮುಟ್ಟಿ ನೋಡಿದರು. ಜ್ವರವಿಲ್ಲ, ಬೂಟು ಹಾಕಿಕೋ ಎಂದರು. ಆ ಮನೆಯಲ್ಲಿ ಸೌನಾ ತಪ್ಪಿಸಲು ತಲೆನೋವು ಸಾಲದು.

ಅಮ್ಮನಿಗೆ ಅಂದೂ ಡ್ಯೂಟಿ. ಮತ್ತೆ ಮುಮ್ಮು ಮತ್ತು ಐಲಾ ಇಬ್ಬರೇ.

ಹೊರಕೋಣೆಯ ಕಿಟಕಿಯ ಗಾಜಿನ ಮೇಲೆ ಹಿಮ ಹೂವು ಬಿಡಿಸಿತ್ತು. ಕಟ್ಟೆಯ ಮೇಲೆ ನೀಲಿ ಹೂವಿನ ಲೋಟ ಎಂದಿನಂತೆ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಇತ್ತು. ಗಾಜಿನ ಜಾಡಿ, ಬೀಟ್‌ರೂಟ್ ಉಪ್ಪಿನಕಾಯಿಯದು. ಲೇಬಲ್ಲನ್ನು ಕೆರೆದು ತೆಗೆದು, ಜಾಡಿಯನ್ನು ಮಿರಮಿರ ಮಿಂಚುವ ಹಾಗೆ ತೊಳೆದಿದ್ದರು. ತುಂಬ ತಣ್ಣೀರು. ಹೊರಗಡೆ ಬಿಳಿ ಟೇಪ್ ಅಂಟಿಸಿ ಪೆನ್ನಿನಿಂದ ಬರೆದಿತ್ತು: ಐಲಾ.

"ಹೋದ ವಾರ ನಿಂಗೆ ಅಸಹ್ಯ ಆಯ್ತು ಅಲ್ವಾ," ಎಂದರು ಮುಮ್ಮು. ಸಿಟ್ಟಿನಿಂದ ಹೇಳಿದ್ದಲ್ಲ, ಹೊರಗೆ ಚಳಿ ಇದೆ ಎನ್ನುವ ಹಾಗೆ ಹೇಳಿದರು. "ಆಗಬೇಕಾದ್ದೇ. ಇನ್ನೊಬ್ಬರ ಹಲ್ಲು ಅಂದ್ರೆ ಯಾರಿಗಾದ್ರೂ ಆಗತ್ತೆ. ಇದು ನಿಂದು. ಎರಡು ಸಲ ಕುದಿಸಿದೀನಿ."

ಐಲಾ ಜಾಡಿಯನ್ನು ನೋಡುತ್ತ ನಿಂತಳು. ಸೊಟ್ಟಗಾದ ರಿಟೇನರ್ ಅವಳ ಕೋಟಿನ ಜೇಬಿನಲ್ಲಿತ್ತು. ಓನ್ನಿಯ ಕೈಗೆ ಸಿಕ್ಕಾಗಿನಿಂದ ಅವಳು ಅದನ್ನು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಿದ್ದಳು, ಬಿಟ್ಟರೆ ಯಾರಾದರೂ ನೋಡಿಬಿಡುತ್ತಾರೆ ಎಂದು. ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮುಮ್ಮುವಿನ ಕೈಗೆ ಕೊಟ್ಟಳು.

ಮುಮ್ಮು ಅದನ್ನು ತಿರುಗಿಸಿ ನೋಡಿದರು. ಸೌನಾದ ಬಾಗಿಲಿನ ಕಡೆ ನೋಡಿದರು. ಮತ್ತೆ ಅದನ್ನು ನೋಡಿದರು.

"ಮೇಲಿನ ಹಲಗೇನಾ?"

ಐಲಾ ತಲೆ ಆಡಿಸಿದಳು. ಆಮೇಲೆ ಎಲ್ಲ ಹೇಳಿದಳು. ಟವಲು, ಬ್ರೆಡ್ಡು, ಬಿಸಿನೀರು, ಎರಡು ಚಮಚ, ಅಮ್ಮನಿಗೆ ಆಡಿಸಿದ ತಲೆ, ಎಲ್ಲವನ್ನೂ. ಹೇಳುವಾಗ ಅಳು ಬರಲಿಲ್ಲ. ಹೇಳಿ ಮುಗಿದ ಮೇಲೆ ಬಂತು.

ಮುಮ್ಮು ಬೆಂಚಿನ ಮೇಲೆ ಕೂತು ಪಕ್ಕದಲ್ಲಿ ಅವಳಿಗೆ ಜಾಗ ಮಾಡಿದರು. ತಮ್ಮ ಸೆಟ್ಟನ್ನು ಇನ್ನೂ ತೆಗೆದಿರಲಿಲ್ಲ.

"ನನ್ನ ಹಲ್ಲೆಲ್ಲ ಯಾವಾಗ ಹೋದವು ಗೊತ್ತಾ?"

ವಯಸ್ಸಾದ ಮೇಲೆ ಇರಬೇಕು ಎಂದಳು ಐಲಾ.

"ಹತ್ತೊಂಬತ್ತಕ್ಕೆ. ಮದುವೆಗೆ ಎರಡು ತಿಂಗಳು ಇತ್ತು. ನಮ್ಮಪ್ಪ ಕರ್ಕೊಂಡು ಹೋಗಿ ಎಲ್ಲಾ ಕೀಳಿಸಿಬಿಟ್ರು. ಆಗ ಕೆಲವು ಮನೇಲಿ ಹಂಗೇ ಮಾಡ್ತಿದ್ರು. ನಾಳೆ ಗಂಡನ ಮನೇಲಿ ಹಲ್ಲುನೋವು ಅಂತ ಕೂರಬಾರದಲ್ಲ."

"ಎಲ್ಲಾ ಹುಳುಕಾಗಿದ್ವಾ?"

"ಆರೋ ಏಳೋ. ಉಳಿದಿದ್ದು ಚೆನ್ನಾಗೇ ಇದ್ವು." ಎಂದರು ಮುಮ್ಮು. "ಕಿತ್ತಿದ್ದನ್ನ ಡಾಕ್ಟ್ರು ಎಣಿಸಿ ಹೇಳ್ದ, ಒಂದು ಕಮ್ಮಿ ಇದೆ ಅಂತ. ಮೇಲೆ, ಎಡಗಡೆ. ಅದು ಹುಟ್ಟಲೇ ಇಲ್ಲ ಅನ್ಕೊಂಡ್ವಿ. ಅರವತ್ತು ವರ್ಷ ಆದಮೇಲೆ ಬೇರೆ ಡಾಕ್ಟ್ರು ಎಕ್ಸ್‌ರೇ ತೆಗೆದ. ಒಳಗೇ ಇದೆ. ಅಡ್ಡ ಮಲಗಿದೆ."

ಐಲಾಳ ನಾಲಿಗೆ ತಾನಾಗಿಯೇ ಕೋರೆಹಲ್ಲಿನ ಹತ್ತಿರ ಹೋಯಿತು.

"ತೆಗೆದುಬಿಡಲಾ ಅಂದ. ಬೇಡಪ್ಪಾ ಅಂದೆ. ನನ್ನದು ಅಂತ ಉಳಿದಿರೋದು ಅದೊಂದೇ." ಮುಮ್ಮು ನಕ್ಕರು. "ನಿನ್ನ ಎಕ್ಸ್‌ರೇನ ನಿಮ್ಮಪ್ಪ ಫೋನಲ್ಲಿ ತೋರಿಸ್ದಾಗ, ಇವನು ನನ್ನದನ್ನ ಯಾಕೆ ತೋರಿಸ್ತಿದಾನೆ ಅನ್ಕೊಂಡೆ."

ಆಮೇಲೆ ಅವರು ಆ ಕಡೆ ತಿರುಗಿ ಸೆಟ್ಟನ್ನು ತೆಗೆದರು. ಲೋಟದಲ್ಲಿ ಹಾಕಿದರು. ಮುಖ ಒಮ್ಮೆಲೇ ಚಿಕ್ಕದಾಯಿತು. ತೋರುಬೆರಳನ್ನು ಬಾಯೊಳಗಿಟ್ಟು, ಅಂಗುಳಿನ ಎಡಬದಿಯನ್ನು ಮುಟ್ಟಿ ತೋರಿಸಿದರು. ನಂತರ ಐಲಾಳ ಕಡೆ ನೋಡಿದರು. ಮುಟ್ಟು ಎಂದೇನೂ ಹೇಳಲಿಲ್ಲ.

ಐಲಾ ಕೈ ತೊಳೆದುಕೊಂಡು ಬಂದಳು. ಬೆರಳಿಟ್ಟು ನೋಡಿದಳು. ವಸಡು ಮೆತ್ತಗಿತ್ತು, ಬೆಚ್ಚಗಿತ್ತು, ಮಗುವಿನ ವಸಡಿನ ಹಾಗೆ. ಒಳಗೆ ಒಂದು ಕಡೆ ಗಟ್ಟಿಯಾಗಿ ಸಣ್ಣ ಉಬ್ಬು. ಹಲ್ಲು ಅಲ್ಲೇ ಇತ್ತು. ಅಷ್ಟು ವರ್ಷವೂ ಅಲ್ಲೇ ಇತ್ತು.

ಬೆರಳು ತೆಗೆದ ಮೇಲೆ ಅವಳಿಗೆ ಹೊಳೆಯಿತು. ಅಸಹ್ಯ ಪಡುವುದನ್ನು ಮರೆತೇಬಿಟ್ಟಿದ್ದಳು.

"ನಿಮ್ಮಪ್ಪನಿಗೆ ಈಗಲೇ ಹೇಳಿಬಿಡು," ಎಂದರು ಮುಮ್ಮು. ಹಲ್ಲಿಲ್ಲದ ಬಾಯಲ್ಲಿ ಅದು ಬರೀ ಗಾಳಿಯಾಗಿ ಕೇಳಿಸಿತು, ಆದರೂ ಅರ್ಥವಾಯಿತು. "ಸೌನಾ ಆದ ಮೇಲೆ ಅವನಿಗೆ ನಿದ್ದೆ ಬರತ್ತೆ."

*

ಅಪ್ಪ ಸೌದೆ ಒಡೆಯುತ್ತಿದ್ದರು. ಐಲಾ ಹೇಳುವುದನ್ನು ಕೊಡಲಿ ಕೆಳಗಿಟ್ಟು ಕೇಳಿದರು. ಓನ್ನಿ ಪಕ್ಕದಲ್ಲೇ ನಿಂತು, ಅದು ತೇಲುವುದೂ ಇಲ್ಲ ಎಂದು ಸೇರಿಸಿದ.

ಅಪ್ಪ ಕೂಗಾಡಲಿಲ್ಲ. ಎಷ್ಟು ದಿನವಾಯಿತು ಎಂದು ಕೇಳಿದರು. ಏಳು ಎಂದಳು. ಅಪ್ಪ ಕೈಗವಸು ತೆಗೆದು ಮುಖ ಉಜ್ಜಿಕೊಂಡರು. ಅವರ ಕಣ್ಣಿನ ಸುತ್ತ ಕೆಂಪಾಗಿತ್ತು. ಆ ವಾರ ಐದು ದಿನ ಹಿಮ ಬಿದ್ದಿತ್ತು.

"ಮೊದಲನೇ ದಿನವೇ ಹೇಳಿದ್ರೆ ಒಂದು ಹೊಸ ರಿಟೇನರ್‌ಗೆ ಮುಗೀತಿತ್ತು," ಎಂದರು. "ಸೋಮವಾರ ಫೋನ್ ಮಾಡ್ತೀನಿ. ಅಮ್ಮನಿಗೆ ನೀನೇ ಹೇಳು."

ಅಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಮ್ಮ ಬಯ್ಯಲಿಲ್ಲ. ಇನ್ನು ಮುಂದೆ ರಾತ್ರಿ ಕೇಳುವುದಿಲ್ಲ ಎಂದಷ್ಟೇ ಹೇಳಿದರು. ಆ ರಾತ್ರಿ ಅಮ್ಮ ಕೋಣೆಗೆ ತಲೆ ಹಾಕಿ ದೀಪ ಆರಿಸಿ ಹೋದರು. ಬಯ್ದಿದ್ದರೆ ವಾಸಿಯಿತ್ತು ಎಂದು ಐಲಾಗೆ ಅನ್ನಿಸಿತು.

*

ಬುಧವಾರ ಅಪ್ಪ ಇನ್ನೊಬ್ಬರ ಜೊತೆ ಪಾಳಿ ಬದಲಾಯಿಸಿಕೊಂಡರು. ದಾರಿಯುದ್ದಕ್ಕೂ ಗಾಳಿ, ಸರೋವರದ ಕಡೆಯಿಂದ ಹಿಮ. ಮುಂದೆ ಒಂದು ಹಿಮದ ಗಾಡಿ ಹೋಗುತ್ತಿತ್ತು. ಅಪ್ಪ ಅದನ್ನು ಹಿಂದೆ ಹಾಕದೆ ನಿಧಾನವಾಗಿ ಅದರ ಹಿಂದೆಯೇ ಹೋದರು. ಗಾಡಿ ತಳ್ಳಿದ ರಸ್ತೆಯ ಮೇಲೆ, ಅವರ ಕಾರು ಬರುವಷ್ಟರಲ್ಲಿ, ಮತ್ತೆ ತೆಳ್ಳಗೆ ಬಿಳಿ ಹರಡುತ್ತಿತ್ತು.

ಕ್ಲಿನಿಕ್ಕಿನಲ್ಲಿ ಕೂತಿದ್ದಾಗ ಒಬ್ಬ ಹುಡುಗ ಹೊರಬಂದು ಹಿತ್ತಾಳೆ ಗಂಟೆ ಬಾರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಐಲಾ ಕೂಡ ತಟ್ಟಿದಳು.

ಡಾಕ್ಟರ್ ಮಿಶೋ ಸೊಟ್ಟಗಾದ ರಿಟೇನರನ್ನು ಬೆಳಕಿಗೆ ಹಿಡಿದು ಎಲ್ಲಿ ಇಟ್ಟಿದ್ದೆ ಎಂದು ಕೇಳಿದರು. ಸೌನಾದಲ್ಲಿ ಎಂದಳು ಐಲಾ. ನಾಯಿ ಅಗಿದದ್ದು ನೋಡಿದ್ದೇನೆ, ಊಟದ ತಟ್ಟೆ ಜೊತೆ ಕಸಕ್ಕೆ ಹೋದದ್ದು ನೋಡಿದ್ದೇನೆ, ಬೆಂದದ್ದನ್ನು ನೋಡುತ್ತಿರುವುದು ಇದೇ ಮೊದಲು ಎಂದರು ಡಾಕ್ಟರ್.

ಅವಳ ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿದರು. ಪರದೆಯ ಮೇಲೆ ಅವಳ ಹಲ್ಲುಗಳು ಮೂಡಿದವು. ಅದರ ಮೇಲೆ ಆರು ವಾರದ ಹಿಂದಿನ ಹಲ್ಲುಗಳನ್ನು ಹಸಿರು ಬಣ್ಣದಲ್ಲಿ ಇಟ್ಟರು. ಬಹುಪಾಲು ಹಲ್ಲುಗಳು ಒಂದರ ಮೇಲೊಂದು ಸರಿಯಾಗಿ ಕೂತವು. ಎಡಗಡೆಯ ಕೋರೆಹಲ್ಲಿನ ಹತ್ತಿರ ಮಾತ್ರ ಹಸಿರು ಅಂಚು ಹೊರಗೆ ಇಣುಕುತ್ತಿತ್ತು.

"ತಿರುಗೋಕೆ ಶುರು ಮಾಡಿದೆ," ಎಂದರು ಡಾಕ್ಟರ್. "ಹಲ್ಲನ್ನ ನಾವು ತಿರುಗಿಸ್ತೀವಿ. ಅದನ್ನ ಹಿಡ್ಕೊಂಡಿರೋ ವಸಡಿನ ನಾರು ಇದೆಯಲ್ಲ, ಅದು ರಬ್ಬರ್ ಥರ. ಹಿಗ್ಗಿ ನಿಂತಿರತ್ತೆ. ಹಳೇದನ್ನ ಮರೆಯೋಕೆ ಅದಕ್ಕೆ ಒಂದು ವರ್ಷನಾದ್ರೂ ಬೇಕು. ಎಷ್ಟು ದೂರದಿಂದ ತಂದಿರ್ತೀವೋ ಅಷ್ಟು ಜೋರು ಎಳೆಯತ್ತೆ."

ಎರಡು ದಾರಿ ಇದೆ ಎಂದು ಅವರು ಬಿಡಿಸಿ ಹೇಳಿದರು. ಒಂದು, ಮುಂದಿನ ಆರು ಹಲ್ಲಿಗೆ ಮತ್ತೆ ಬ್ರೇಸಸ್ ಅಂಟಿಸುವುದು. ಮೂರು ತಿಂಗಳು. ಅದರಲ್ಲಿ ಐಲಾ ಮಾಡಬೇಕಾದದ್ದು ಏನೂ ಇಲ್ಲ. ತಂತಿಯೇ ಕೆಲಸ ಮಾಡುತ್ತದೆ. ಇನ್ನೊಂದು, ರಿಟೇನರಿನಂತೆಯೇ ಕಾಣುವ ಟ್ರೇಗಳು. ಒಂದಾದ ಮೇಲೆ ಒಂದು, ಎರಡೆರಡು ವಾರಕ್ಕೆ, ಒಟ್ಟು ಆರು. ಅವು ಹಲ್ಲನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತವೆ. ಆದರೆ ಬಾಯಲ್ಲಿದ್ದರೆ ಮಾತ್ರ. ಡಬ್ಬಿಯಲ್ಲಿದ್ದರೆ ಡಬ್ಬಿ ನೆಟ್ಟಗಾಗುತ್ತದೆ.

ಎರಡರಲ್ಲಿ ಯಾವುದನ್ನು ಆರಿಸಿದರೂ ಕೊನೆಗೆ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸುತ್ತಾರೆ. ಅದರ ಮೇಲೆ ರಾತ್ರಿಗೆ ರಿಟೇನರ್ ಬೇರೆ.

"ಎಷ್ಟು ದಿನ?" ಎಂದು ಕೇಳಿದಳು ಐಲಾ.

ಡಾಕ್ಟರ್ ಉತ್ತರ ಕೊಡುವ ಮೊದಲು ಅಪ್ಪನ ಕಡೆ ತಿರುಗಿದರು. ನೀವು ಹಿಮ ತಳ್ಳುವುದನ್ನು ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳಿದರು.

"ಅದು ಬೀಳೋದು ನಿಂತಾಗ," ಎಂದರು ಅಪ್ಪ.

ಇದಕ್ಕೂ ಅದೇ ಲೆಕ್ಕ ಎಂದರು ಡಾಕ್ಟರ್. ಯಾವುದು ಮಾಡೋಣ ಎಂದು ಅಪ್ಪನನ್ನು ಕೇಳಿದರು. ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು.

"ನನ್ನನ್ನ ಯಾಕೆ ಕೇಳ್ತೀರಾ ಡಾಕ್ಟ್ರೇ. ಹಲ್ಲು ಅವಳದು."

ಬ್ರೇಸಸ್ ಸುಲಭ ಎಂದು ಐಲಾಗೆ ಗೊತ್ತಿತ್ತು. ಮರೆಯಲು ಆಗುವುದಿಲ್ಲ, ಬೇಯಿಸಲು ಆಗುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಮುಮ್ಮುವಿನ ಕಿಟಕಿಯ ಕಟ್ಟೆಯ ಮೇಲೆ ನೀರು ತುಂಬಿಕೊಂಡು ಕೂತಿದ್ದ ಜಾಡಿ ಅವಳಿಗೆ ನೆನಪಾಯಿತು.

"ಟ್ರೇ," ಎಂದಳು.

ಡಾಕ್ಟರ್ ಮಿಶೋ ಅವಳನ್ನು ಕ್ಷಣಕಾಲ ನೋಡಿದರು. ಎರಡು ವಾರಕ್ಕೊಮ್ಮೆ ನೋಡುತ್ತೇನೆ, ಬಾಯಿ ಸುಳ್ಳು ಹೇಳಿದರೂ ಹಲ್ಲು ಹೇಳುವುದಿಲ್ಲ ಎಂದರು. ಮೊದಲನೇ ಟ್ರೇ ಮಧ್ಯಾಹ್ನದ ಹೊತ್ತಿಗೆ ತಯಾರಾಯಿತು. ಅದು ಬಿಗಿಯಾಗಿತ್ತು. ವಾಪಸು ಬರುವಾಗ ಆ ಒಂದು ಹಲ್ಲು ನೂರು ಮೈಲಿಯೂ ನೋಯುತ್ತಿತ್ತು. ಅಪ್ಪ ಕೇಳಿದಾಗ, ನೋಯುತ್ತಿದೆ ಎಂದಳು. ಸರಿ ಎಂದರು ಅಪ್ಪ.

*

ಶನಿವಾರ ಅಮ್ಮನಿಗೆ ರಜೆ ಸಿಕ್ಕಿತ್ತು. ಹೆಂಗಸರು ಮೂವರಾದರು. ಅಮ್ಮ ಮೊದಲೇ ಒಳಗೆ ಹೋಗಿ ಕಲ್ಲಿನ ಮೇಲೆ ನೀರು ಹಾಕಿದ ಸದ್ದು ಕೇಳಿಸಿತು.

ಮುಮ್ಮು ಸೆಟ್ಟನ್ನು ತೆಗೆದು ಲೋಟದಲ್ಲಿ ಹಾಕಿದರು. ಐಲಾ ಎರಡೂ ಕೈಯಿಂದ ಟ್ರೇಯನ್ನು ಬಿಡಿಸಿದಳು. ಅದು ಟಕ್ ಎಂದು ಬಿಟ್ಟಿತು. ತನ್ನ ಹೆಸರಿನ ಜಾಡಿಯೊಳಗೆ ಅದನ್ನು ಇಳಿಸಿದಳು. ಜಾಡಿಯನ್ನು ಸ್ವಲ್ಪ ಸರಿಸಿ ಲೋಟಕ್ಕೆ ತಾಗುವಂತೆ ಇಟ್ಟಳು.

ಬಗ್ಗಿ ನೋಡಿದಳು. ಲೋಟದೊಳಗೆ ಸಾಲಾಗಿ ಹಲ್ಲುಗಳಿದ್ದವು, ಒಂದಕ್ಕಿಂತ ಒಂದು ನೆಟ್ಟಗೆ, ಎಡಗಡೆಯ ಕೋರೆಹಲ್ಲೂ ಇತ್ತು. ಜಾಡಿಯೊಳಗೆ ಹಲ್ಲಿರಲಿಲ್ಲ. ಹಲ್ಲಿನ ಜಾಗ ಮಾತ್ರ ಇತ್ತು, ಹದಿನಾಲ್ಕು ಪುಟ್ಟ ಗುಳಿ, ನೀರು ತುಂಬಿಕೊಂಡು.

ಐಲಾ ಬಾಯಿ ಮುಚ್ಚಿಕೊಂಡೇ ತನ್ನ ಕೋರೆಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿದಳು. ಅಲ್ಲಿತ್ತು. ಸ್ವಲ್ಪ ನೋಯುತ್ತಿತ್ತು.

"ಬಾರೇ," ಎಂದರು ಒಳಗಿನಿಂದ ಅಮ್ಮ. "ತೆಗೆದಿಟ್ಯಾ?"

"ಇಟ್ಟೆ ಅಮ್ಮ. ಮುಮ್ಮು ಲೋಟದ ಪಕ್ಕ."

"ಬಾಗಿಲು ಹಾಕು ಹಾಗಾದ್ರೆ. ಬಿಸಿ ಹೋಗತ್ತೆ."